ಬೆಂಚ್ ಮೇಲೆ .375 ರೈಫಲ್: ಭುಜಕ್ಕೆ ಬೀಳುವ ಒದೆತ ತಡೆದುಕೊಳ್ಳುವುದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ (ಕೊಲೊರಾಡೊ): ನಮಸ್ಕಾರ ಸರ್. ಝಿಂಬಾಬ್ವೆಯಲ್ಲಿ ಕೇಪ್ ಬಫಲೋ ಬೇಟೆಗೆ ಬುಕ್ ಮಾಡಿದ್ದೇನೆ, ಅದಕ್ಕಾಗಿ ವಿಂಚೆಸ್ಟರ್ ಮಾಡೆಲ್ 70 ತಗೊಂಡೆ. .375 ಎಚ್ ಅಂಡ್ ಎಚ್ ಮ್ಯಾಗ್ನಮ್, 300 ಗ್ರೇನ್ ಗುಂಡು, ಸ್ಕೋಪ್ ಸೇರಿ 9 ಪೌಂಡ್ ತೂಕ. 100 ಗಜದಲ್ಲಿ ಬೆಂಚ್ (ರೈಫಲ್ ಊರಿ ಹೊಡೆಯುವ ಮೇಜು) ಮುಂದೆ ಕೂತು ಝೀರೋ ಮಾಡುವಾಗ (ಸ್ಕೋಪ್‌ನಲ್ಲಿ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸುವಾಗ) ಮೊದಲ ಮೂರು ಗುಂಡು 2 ಇಂಚಿನೊಳಗೆ ಬೀಳುತ್ತವೆ. ಎಂಟು ಹತ್ತು ಆಗುವಷ್ಟರಲ್ಲಿ ಎಲ್ಲವೂ ಎಡಕ್ಕೆ, ಕೆಳಕ್ಕೆ. ಭುಜ ನೀಲಿಗಟ್ಟಿದೆ, ಸ್ಕೋಪ್ ಒಮ್ಮೆ ಹುಬ್ಬಿಗೂ ತಾಗಿತು. ನಾನು ಬಲಗೈಯವನು. ಲೆಡ್ ಸ್ಲೆಡ್ (ಒದೆತ ತಗ್ಗಿಸಲು ತೂಕ ಹೇರಿ ರೈಫಲ್ ಕೂರಿಸುವ ಚೌಕಟ್ಟು) ತಗೊಳ್ಳಲಾ?

ಉತ್ತರ (ರೇಂಜ್ ತರಬೇತುದಾರ): ಸ್ಲೆಡ್ ಮಾತು ಆಮೇಲೆ. ಬಲಗೈಯವರ ಗುಂಡು ಹೊತ್ತು ಹೋದಂತೆ ಎಡಕ್ಕೆ ಕೆಳಕ್ಕೆ ಜಾರಿದರೆ ಅದು ಬಹುತೇಕ ಬೆಚ್ಚುವಿಕೆ, ಅಂದರೆ ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವ ಕ್ಷಣಕ್ಕೆ ಮೈ ಬಿಗಿಯುವುದು. ರೈಫಲ್‌ದಾಗಲಿ ಸ್ಕೋಪ್‌ದಾಗಲಿ ತಪ್ಪಿದ್ದರೆ ಮೊದಲ ಮೂರು ಅಷ್ಟು ಒತ್ತಾಗಿ ಬೀಳುತ್ತಿರಲಿಲ್ಲ.

ಮೊದಲು ಲೆಕ್ಕ ನೋಡಿ. 300 ಗ್ರೇನ್ ಅಂದರೆ 19.4 ಗ್ರಾಂ ಗುಂಡು, ಸೆಕೆಂಡಿಗೆ ಸುಮಾರು 770 ಮೀಟರ್ ವೇಗ. ಜೊತೆಗೆ 70 ಗ್ರೇನ್ ಆಸುಪಾಸಿನ ಮದ್ದು ಅನಿಲವಾಗಿ ಅದಕ್ಕಿಂತ ಜೋರಾಗಿ ನುಗ್ಗುತ್ತದೆ. ಇವೆರಡರ ಪ್ರತಿಫಲವಾಗಿ 4.1 ಕೆಜಿಯ ನಿಮ್ಮ ರೈಫಲ್ ಸೆಕೆಂಡಿಗೆ 5 ಮೀಟರ್‌ಗಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ಹಿಂದಕ್ಕೆ ಬರುತ್ತದೆ, ಶಕ್ತಿ 54 ಜೌಲ್ ಹತ್ತಿರ. ಸಾಮಾನ್ಯ .30-06 ರೈಫಲ್ ಕೊಡುವುದು 30 ಜೌಲ್ ಆಸುಪಾಸು. ಈ 54 ಜೌಲನ್ನು ನಿಮ್ಮ ದೇಹ 1 ಸೆಂಟಿಮೀಟರ್‌ನಲ್ಲಿ ನಿಲ್ಲಿಸಬೇಕಾದರೆ ಸರಾಸರಿ 550 ಕೆಜಿ ಒತ್ತಡ ಬೀಳುತ್ತದೆ. 5 ಸೆಂಟಿಮೀಟರ್ ಹಿಂದೆ ಸರಿಯಲು ಜಾಗವಿದ್ದರೆ ಅದೇ 110 ಕೆಜಿಗೆ ಇಳಿಯುತ್ತದೆ. ನಿಂತು ಹೊಡೆದಾಗ ಸೊಂಟದಿಂದ ಮೇಲಿನ ಮೈಯೆಲ್ಲ ತೂಗಿ ಹಿಂದಕ್ಕೆ ಹೋಗುವುದರಿಂದ ಅಷ್ಟು ನೋವಾಗುವುದಿಲ್ಲ. ಬೆಂಚ್ ಮೇಲೆ ಮುಂದಕ್ಕೆ ಬಾಗಿ, ಎದೆಯನ್ನು ಮರದ ಅಂಚಿಗೆ ಒತ್ತಿ ಕೂತರೆ ಆ ಜಾಗವೇ ಇಲ್ಲ. ಏಟು ಸೀದಾ ಕೊರಳೆಲುಬಿಗೆ.

ಹಾಗಾಗಿ ಮೊದಲು ಬದಲಿಸಬೇಕಾದದ್ದು ಎತ್ತರ. ಮುಂದಿನ ರೆಸ್ಟ್ (ರೈಫಲ್ ಊರುವ ಆಸರೆ), ಹಿಂದಿನ ಮರಳು ಚೀಲ ಎರಡನ್ನೂ ಏರಿಸಿ. ಬೆನ್ನು ನೆಟ್ಟಗಿಟ್ಟು ಕೂತಾಗ ಸ್ಕೋಪ್ ತಾನೇ ಕಣ್ಣಿನ ಮಟ್ಟಕ್ಕೆ ಬರಬೇಕು. ಕತ್ತು ಚಾಚಬಾರದು. ಬೆಂಚಿನ ಅಂಚಿಗೂ ಎದೆಗೂ ನಡುವೆ ಅಂಗೈ ಅಗಲದಷ್ಟು ಜಾಗ, ಎರಡೂ ಪಾದ ನೆಲಕ್ಕೆ, ಭುಜಗಳು ಆದಷ್ಟು ಗುರಿಗೆ ನೇರ. ಇನ್ನೂ ಒಳ್ಳೆಯದೆಂದರೆ ಕುರ್ಚಿ ಬಿಟ್ಟು ನಿಲ್ಲುವುದು: ಬೆಂಚ್ ಮೇಲೆ ಗಟ್ಟಿ ಪೆಟ್ಟಿಗೆ, ಅದರ ಮೇಲೆ ಮರಳು ಚೀಲ, ನಿಂತಾಗ ರೈಫಲ್ ಭುಜದ ಮಟ್ಟಕ್ಕೆ. .375ರಿಂದ ಮೇಲಿನ ಯಾವ ಕ್ಯಾಲಿಬರ್‌ಗೂ ನಾನು ಮೊದಲು ಹೇಳುವುದು ಇದನ್ನೇ. ಗುಂಪು (ಗುಂಡುಗಳು ಹರಡಿ ಬೀಳುವ ಅಗಲ) ಅರ್ಧ ಇಂಚು ದೊಡ್ಡದಾದೀತು, ಆಗಲಿ ಬಿಡಿ. ಎಮ್ಮೆಯ ಭುಜಕ್ಕೆ ಹೊಡೆಯುವ ರೈಫಲ್‌ಗೆ ಅರ್ಧ ಇಂಚು ಲೆಕ್ಕವಲ್ಲ.

ಪ್ರಶ್ನೆ (ಅದೇ ಸದಸ್ಯರು): ಕೈ ಎಲ್ಲಿರಬೇಕು ಸರ್? ವಿಡಿಯೊಗಳಲ್ಲಿ ಎಲ್ಲರೂ ಎಡಗೈಯಿಂದ ಹಿಂದಿನ ಚೀಲ ಹಿಂಡುತ್ತಾರೆ.

ಉತ್ತರ (ರೇಂಜ್ ತರಬೇತುದಾರ): ಅದು ಭಾರದ ನಳಿಗೆಯ ಸಣ್ಣ ಕ್ಯಾಲಿಬರ್‌ಗಳಿಗೆ. ನಿಮ್ಮದಕ್ಕೆ ಎಡಗೈ ಫೋರೆಂಡ್ (ನಳಿಗೆಯ ಕೆಳಗಿನ ಹಿಡಿ) ಮೇಲೇ ಇರಲಿ. ಕೈಯ ಹಿಂಭಾಗ ಚೀಲದ ಮೇಲೆ ಕೂರಬೇಕು, ಫೋರೆಂಡ್ ಅಂಗೈಯಲ್ಲಿ ಕೂರಬೇಕು, ಹಗುರವಾಗಿ ಹಿಂದಕ್ಕೂ ಕೆಳಕ್ಕೂ ಎಳೆಯಬೇಕು. ಹಿಡಿತ ಗಟ್ಟಿ ಇರಲಿ, ಕೈ ನಡುಗುವಷ್ಟು ಬೇಡ. ಬಲಗೈ ಬಟ್ಟನ್ನು (ರೈಫಲ್‌ನ ಹಿಂತುದಿಯನ್ನು) ಭುಜದ ಗುಳಿಗೆ ಒತ್ತಿ ಹಿಡಿದಿರಲಿ. ಆ ಗುಳಿ ಕೊರಳೆಲುಬಿನ ಕೆಳಗೆ, ತೋಳಿನ ಕೀಲಿನ ಒಳಬದಿಗೆ ಸಿಗುತ್ತದೆ. ಬಲ ಮೊಣಕೈ ಸ್ವಲ್ಪ ಮೇಲೆತ್ತಿದರೆ ಬೆರಳಿಗೆ ತಿಳಿಯುತ್ತದೆ. ಬಟ್ಟಿಗೂ ಭುಜಕ್ಕೂ ನಡುವೆ ಎರಡು ಬೆರಳು ಸಂದು ಬಿಟ್ಟು ಹೊಡೆದರೆ ರೈಫಲ್ ವೇಗ ಹಿಡಿದು ಬಂದು ಗುದ್ದುತ್ತದೆ. ನೀಲಿಗಟ್ಟುವುದು ಹೆಚ್ಚಾಗಿ ಇದರಿಂದಲೇ.

ನಡುಬೆರಳು ಟ್ರಿಗರ್ ಗಾರ್ಡಿನ ಹಿಂಬದಿಗೆ ತಾಗಿಕೊಂಡಿರಬಾರದು. ತಾಗಿದ್ದರೆ ಪ್ರತಿ ಗುಂಡಿಗೂ ಗೆಣ್ಣಿಗೆ ಏಟು, ಮನಸ್ಸು ಅದಕ್ಕೇ ಹೆದರಲು ಶುರು. ಮೊಣಕೈಗಳ ಕೆಳಗೆ ಮಡಿಸಿದ ಟವೆಲ್ ಇಡಿ, ಸಿಮೆಂಟ್ ಬೆಂಚಾದರೆ ಚರ್ಮ ಸುಲಿಯುತ್ತದೆ.

ನಳಿಗೆಯನ್ನು ಎಂದೂ ರೆಸ್ಟ್ ಮೇಲೆ ಇಡಬೇಡಿ, ಗುಂಡು ಮೇಲಕ್ಕೆ ಹೋಗುತ್ತದೆ. ಫೋರೆಂಡನ್ನು ಬರೀ ಮರದ ಮೇಲೆ ಇಟ್ಟರೂ ಅದೇ ಕಥೆ. ಹೆಗಲಿಗೆ ಹಾಕುವ ಪಟ್ಟಿಯನ್ನು ಬಿಚ್ಚಿಡಿ. ಪಟ್ಟಿ ಸಿಕ್ಕಿಸುವ ಕೊಂಡಿಯ ಸ್ಟಡ್ ಫೋರೆಂಡ್‌ನಲ್ಲಿದ್ದು ಚೀಲದ ಮುಂಬದಿಗೆ ಹತ್ತಿರವಿದ್ದರೆ ಹಿಂದೆ ಬರುವಾಗ ಚೀಲಕ್ಕೆ ಸಿಕ್ಕಿ ಜಿಗಿಯುತ್ತದೆ, ಇಲ್ಲವೇ ನಿಮ್ಮ ಬೆರಳು ಸೀಳುತ್ತದೆ. ದೊಡ್ಡ ಕ್ಯಾಲಿಬರ್ ರೈಫಲ್‌ಗಳಲ್ಲಿ ಮುಂದಿನ ಕೊಂಡಿಯನ್ನು ನಳಿಗೆಗೇ ಹಾಕುವುದು ಈ ಕಾರಣಕ್ಕೆ.

ಹುಬ್ಬಿನ ವಿಷಯ: ಕಣ್ಣಿಗೂ ಸ್ಕೋಪ್‌ಗೂ ನಡುವೆ 3.5 ಇಂಚು ಕನಿಷ್ಠ, 4 ಇದ್ದರೆ ನೆಮ್ಮದಿ. ಸ್ಕೋಪನ್ನು ರಿಂಗಿನಲ್ಲಿ ಸರಿಸುವಾಗ ಬೆಂಚ್ ಮೇಲೆ ಕೂತು ನೋಡಬೇಡಿ. ನಿಂತು, ಕಣ್ಣು ಮುಚ್ಚಿ ರೈಫಲ್ ಭುಜಕ್ಕಿಟ್ಟು, ಆಮೇಲೆ ಕಣ್ಣು ಬಿಟ್ಟಾಗ ಪೂರ್ತಿ ವೃತ್ತ ಕಾಣುವಂತಿರಲಿ. ಪವರ್ ಅತಿ ಹೆಚ್ಚಿಗೆ ಇಟ್ಟು ನೋಡಿ, ಎಷ್ಟೋ ಸ್ಕೋಪ್‌ಗಳಲ್ಲಿ ಆ ಕಡೆ ಹೋದಂತೆ ದೂರ ಕಡಿಮೆಯಾಗುತ್ತದೆ.

ಉತ್ತರ (ಗನ್‌ಸ್ಮಿತ್): ಲೆಡ್ ಸ್ಲೆಡ್ ಬಗ್ಗೆ ನಾನು ಹೇಳುತ್ತೇನೆ, ಒಡೆದ ಸ್ಟಾಕ್ (ರೈಫಲ್‌ನ ಮರದ ಭಾಗ) ಬರುವುದು ನಮ್ಮ ಟೇಬಲ್‌ಗೇ. ಸ್ಲೆಡ್ ಕೆಟ್ಟದ್ದಲ್ಲ. ಅದರ ತಟ್ಟೆಯಲ್ಲಿ 25 ಕೆಜಿ ಸೀಸದ ಚೀಲ ಎರಡು ಹೇರಿ ಅಲ್ಲಾಡದಂತೆ ಮಾಡುತ್ತಾರಲ್ಲ, ಅದು ಕೆಟ್ಟದ್ದು. ರೈಫಲ್ ಹಿಂದೆ ಸರಿಯದಿದ್ದರೆ ಆ ಏಟೆಲ್ಲ ರಿಕಾಯಿಲ್ ಲಗ್ (ಒದೆತವನ್ನು ಮರಕ್ಕೆ ದಾಟಿಸುವ ಲೋಹದ ಗೂಟ) ಹಿಂದಿನ ಮರದ ಮೇಲೆ, ಹಿಡಿಯ ಸಣ್ಣ ಕತ್ತಿನ ಮೇಲೆ, ಸ್ಕೋಪ್ ರಿಂಗಿನ ಮೇಲೆ ಬೀಳುತ್ತದೆ. ಮೊದಲು ಟ್ಯಾಂಗಿನ (ಲೋಹದ ಭಾಗದ ಹಿಂತುದಿಯ) ಹಿಂದೆ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ, ಅಲ್ಲಿಗೆ ಉಗುರು ಆಡಿಸಿ ನೋಡುತ್ತಿರಿ. ಬಳಸುವುದಾದರೆ ತೂಕ ಹಾಕದೆ, ಅಥವಾ 10 ಕೆಜಿ ಒಳಗೆ ಹಾಕಿ, ಬೆಂಚ್ ಮೇಲೆ ಜಾರಲು ಬಿಡಿ. ಕಾಲಿಗೆ ಹಗ್ಗ ಕಟ್ಟುವುದು, ಗೋಡೆಗೆ ಒರಗಿಸುವುದು ಮಾಡಬೇಡಿ. ಬಟ್ಟಿಗೂ ಭುಜಕ್ಕೂ ನಡುವೆ ಒಂದೆರಡು ಕೆಜಿಯ ಪುಟ್ಟ ಮರಳು ಚೀಲ ಇಟ್ಟುಕೊಂಡರೂ ಸಾಕಷ್ಟು ಸುಖ ಸಿಗುತ್ತದೆ, ಸ್ಟಾಕ್ ಕೂಡ ಉಳಿಯುತ್ತದೆ. ಆದರೆ ಬಟ್ ಅಷ್ಟು ಉದ್ದವಾಯಿತೆಂದು ಕಣ್ಣಿನ ದೂರ ಬದಲಾಗುತ್ತದೆ, ಅದನ್ನು ಮತ್ತೆ ನೋಡಿಕೊಳ್ಳಿ.

ಬಟ್ಟಿನ ರಬ್ಬರ್ ಪ್ಯಾಡ್ ಬೆರಳಿಂದ ಒತ್ತಿದರೆ ತಗ್ಗದಷ್ಟು ಗಟ್ಟಿಯಾಗಿದ್ದರೆ ಬದಲಿಸಿ. ಲಿಂಬ್‌ಸೇವರ್ ಅಥವಾ ಪ್ಯಾಕ್‌ಮೈರ್ ಡಿಸೆಲರೇಟರ್ 1 ಇಂಚಿನದು ಹಾಕಿದರೆ ವ್ಯತ್ಯಾಸ ಮೊದಲ ಗುಂಡಿಗೇ ಗೊತ್ತಾಗುತ್ತದೆ. ಬಟ್ಟಿನೊಳಗೆ ಕೂರಿಸುವ ಪಾದರಸದ ಕೊಳವೆಗಳು ಕೆಲಸ ಮಾಡುವುದು ಹೆಚ್ಚಾಗಿ ತೂಕ ಸೇರಿಸಿಯೇ. ತೂಕದ ಮಾತು ಬಂತಲ್ಲ: ಈ 4.1 ಕೆಜಿ ರೈಫಲ್‌ಗೆ 2 ಕೆಜಿ ಸೇರಿದರೆ 54 ಜೌಲ್ 36ಕ್ಕೆ ಇಳಿಯುತ್ತದೆ. ಬೆಂಚ್ ಮೇಲೆ ಚೆನ್ನ, ಬಫಲೋ ಜಾಡು ಹಿಡಿದು ದಿನವಿಡೀ ನಡೆಯುವಾಗ ಯಾರೂ ಬಯಸುವುದಿಲ್ಲ.

ರೇಂಜಿಗೆ ಹೊರಡುವ ಮೊದಲು ಆ್ಯಕ್ಷನ್ ಸ್ಕ್ರೂಗಳನ್ನು (ಲೋಹದ ಭಾಗವನ್ನು ಸ್ಟಾಕ್‌ಗೆ ಬಿಗಿಯುವವು) ನೋಡಿ. ಮಾಡೆಲ್ 70ರ ಬಹುತೇಕ ಆವೃತ್ತಿಗಳಲ್ಲಿ ಮೂರಿವೆ. ಮುಂದಿನದು, ಹಿಂದಿನದು ಬಿಗಿ, ನಡುವಿನದು ಕೂರುವಷ್ಟು ಮಾತ್ರ. ನಡುವಿನದನ್ನು ಜಗ್ಗಿ ಬಿಗಿದರೆ ರಿಸೀವರ್ (ಬೋಲ್ಟ್ ಕೂರುವ ಲೋಹದ ಭಾಗ) ಬಾಗಿ ಗುಂಪು ಕೆಡುತ್ತದೆ. ಸ್ಕೋಪ್ ರಿಂಗ್ ಸ್ಕ್ರೂ 15ರಿಂದ 20 ಇಂಚ್-ಪೌಂಡ್, ತಯಾರಕರು ಬೇರೆ ಹೇಳಿದ್ದರೆ ಅದೇ ಸರಿ. ಹತ್ತಿಪ್ಪತ್ತು ಗುಂಡಾದ ಮೇಲೆ ಮತ್ತೊಮ್ಮೆ.

ಪ್ರಶ್ನೆ (ಡಲ್ಲಾಸ್): ಮಝಲ್ ಬ್ರೇಕ್ (ಅನಿಲವನ್ನು ಪಕ್ಕಕ್ಕೆ ಬಿಟ್ಟು ಒದೆತ ತಗ್ಗಿಸುವ, ನಳಿಗೆ ತುದಿಯ ಸಾಧನ) ಹಾಕಿಸಿಬಿಟ್ಟರೆ ಇದೆಲ್ಲ ತಲೆನೋವೇ ಇರಲ್ಲವಲ್ಲ? ಇನ್ನೊಂದು, ನಾವೇ ಕಮ್ಮಿ ಮದ್ದು ತುಂಬಿ ಹೊಡೆಯಬಹುದಾ?

ಉತ್ತರ (ಗನ್‌ಸ್ಮಿತ್): ಬ್ರೇಕ್ ಒದೆತವನ್ನು ಮೂರನೇ ಒಂದು ಪಾಲಿನಿಂದ ಅರ್ಧದವರೆಗೂ ಇಳಿಸುತ್ತದೆ, ನಿಜ. ಬೆಲೆ ಕೊಡುವುದು ಕಿವಿ. ಬ್ರೇಕ್ ಇದ್ದರೆ ಫೋಮ್ ಪ್ಲಗ್ ಮೇಲೆ ಇಯರ್‌ಮಫ್, ಎರಡೂ ಕಡ್ಡಾಯ. ಬ್ರೇಕ್ ಇಲ್ಲದಿದ್ದರೂ ಬೆಂಚ್ ಮೇಲೆ ಎರಡನ್ನೂ ಹಾಕಿ, ಏಕೆಂದರೆ ಬೆಚ್ಚುವಿಕೆಯ ದೊಡ್ಡ ಪಾಲು ಸದ್ದಿನಿಂದ ಬರುವುದು. ಬೇಟೆಯಲ್ಲಿ ಪಕ್ಕದಲ್ಲಿ ನಿಲ್ಲುವ ಟ್ರ್ಯಾಕರ್‌ಗೆ ಮಫ್ ಇರುವುದಿಲ್ಲ, ಎಷ್ಟೋ ವೃತ್ತಿಪರ ಬೇಟೆಗಾರರು ಬ್ರೇಕ್ ಬೇಡವೇ ಬೇಡ ಅನ್ನುತ್ತಾರೆ. ಬೆಂಚಿಗೆ ಹಾಕಿ, ಹೊರಡುವಾಗ ತೆಗೆದು ಮುಚ್ಚಳ ತಿರುಗಿಸುತ್ತೀರಾದರೆ ಝೀರೋ ಮತ್ತೆ ನೋಡಲೇಬೇಕು, ಗುಂಡು ಬೀಳುವ ಜಾಗ ಬದಲಾಗುತ್ತದೆ.

ಕಮ್ಮಿ ಮದ್ದು: ಅಮೆರಿಕದಲ್ಲಿ ಸ್ವಂತ ತುಂಬಿಸಿಕೊಳ್ಳುವವರಿಗೆ ಹಾಜ್‌ಡನ್ ಕಂಪನಿಯವರ ಎಚ್4895 ಎಂಬ ಮದ್ದು ಇದೆ. ಆ ಕ್ಯಾಲಿಬರ್‌ಗೆ ಎಚ್4895 ಲೆಕ್ಕ ಅವರ ಪಟ್ಟಿಯಲ್ಲಿದ್ದರೆ, ಗರಿಷ್ಠ ಪ್ರಮಾಣದ ಶೇ. 60 ಉಳಿಯುವವರೆಗೆ ಇಳಿಸಬಹುದೆಂದು ಅವರೇ ಹೇಳಿದ್ದಾರೆ. ಅದನ್ನು ನೋಡಿ ಇನ್ನೊಂದು ಮದ್ದನ್ನು, ಅದರಲ್ಲೂ ನಿಧಾನ ಉರಿಯುವುದನ್ನು, ಅಂದಾಜಿನಲ್ಲಿ ಇಳಿಸಬೇಡಿ. ಅರೆಬರೆ ತುಂಬಿದ ನಿಧಾನದ ಮದ್ದು ಒತ್ತಡವನ್ನು ಒಮ್ಮೆಲೇ ಏರಿಸಿ ರೈಫಲ್ ಒಡೆಯಬಹುದು.

ಪ್ರಶ್ನೆ (ಮಡಿಕೇರಿ): ಅಣ್ಣ, ನಮ್ಮಲ್ಲಿ ಲೈಸೆನ್ಸ್ ಇರುವ ಹಳೇ .30-06 ಇದೆ. ಬಟ್ಟಿಗೆ ಪ್ಯಾಡ್ ಇಲ್ಲ, ಗಟ್ಟಿ ಪ್ಲಾಸ್ಟಿಕ್ ತಟ್ಟೆ. ರೇಂಜಿನಲ್ಲಿ ಕೂತು ಹೊಡೆದರೆ .375 ಅಲ್ಲದಿದ್ದರೂ ಪ್ರಾಣ ಹೋಗುತ್ತೆ.

ಉತ್ತರ (ಗನ್‌ಸ್ಮಿತ್): ಹೋಗದೆ ಏನು ಮಾಡುತ್ತದೆ! ಕಿರಿದಾದ ತಟ್ಟೆ, ತಗ್ಗದ ಪ್ಲಾಸ್ಟಿಕ್. ಮೊದಲು ಸಾಕ್ಸಿನಂತೆ ಏರಿಸುವ ರಬ್ಬರ್ ಪ್ಯಾಡ್ ಹಾಕಿ ನೋಡಿ, ಮರಕ್ಕೆ ಕೈ ಹಾಕಬೇಕಿಲ್ಲ. ಅದರಿಂದ ಬಟ್ ಉದ್ದ ಅನ್ನಿಸಿದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಪ್ಯಾಡಿನ ದಪ್ಪದಷ್ಟೇ ಮರ ಕೊಯ್ಸಿ ಖಾಯಂ ಪ್ಯಾಡ್ ಹಾಕಿಸಿ. ಕೊಯ್ಯುವ ಮೊದಲು ಮನೆಯಲ್ಲಿ ಆ ರೈಫಲ್ ಬಳಸುವ ಎಲ್ಲರಿಗೂ ಭುಜಕ್ಕಿಡಿಸಿ ನೋಡಿ, ಕೊಯ್ದ ಮರ ಮತ್ತೆ ಬೆಳೆಯುವುದಿಲ್ಲ.

ನಳಿಗೆ ಬಿಚ್ಚಿಸಿದಾಗ ಲಗ್ ಹಿಂದಿನ ಮರ ನೋಡಿ. ವರ್ಷಗಟ್ಟಲೆ ಎಣ್ಣೆ ಹಚ್ಚಿ ನಿಲ್ಲಿಸಿದ ಕೋವಿಗಳಲ್ಲಿ ಎಣ್ಣೆ ಕೆಳಗಿಳಿದು ಮರ ಕಪ್ಪಾಗಿ ಮೆತ್ತಗಾಗಿರುತ್ತದೆ, ಅಲ್ಲಿ ಲಗ್ ಒತ್ತಿ ಒತ್ತಿ ಗುಂಪು ಅಲೆಯುತ್ತದೆ. ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಹಚ್ಚಿ ಒಣಗಿಸಿದರೆ ಎಣ್ಣೆ ಹೀರುತ್ತದೆ. ಬಿಳಿ ಪುಡಿ ಹಳದಿಯಾಗುವುದು ನಿಲ್ಲುವವರೆಗೆ ಮಾಡಿ, ಆಮೇಲೆ ಎಪಾಕ್ಸಿ ಬೆಡ್ಡಿಂಗ್ (ಲೋಹ ಕೂರುವ ಜಾಗಕ್ಕೆ ಎಪಾಕ್ಸಿ ಅಂಟು ತುಂಬುವುದು). ಎಣ್ಣೆ ಇದ್ದಂತೆಯೇ ಎಪಾಕ್ಸಿ ಸುರಿದರೆ ಹಿಡಿಯುವುದಿಲ್ಲ. ಅಸಿಟೋನ್ ಬಯಲಲ್ಲಿ, ಬೆಂಕಿಯಿಂದ ದೂರ. ಮೇಲೆ ಹೇಳಿದ ಕಮ್ಮಿ ಮದ್ದಿನ ವಿಷಯ ನಿಮಗಲ್ಲ, ಪರವಾನಗಿ ಇಲ್ಲದೆ ತೋಟೆ ತುಂಬಿಸಿಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ನಳಿಗೆಗೆ ಥ್ರೆಡ್ ಹಾಕಿಸುವುದು, ಗಿಡ್ಡ ಮಾಡಿಸುವುದು ಕೂಡ ಬೇಡ.

ಪ್ರಶ್ನೆ (ಕೊಲೊರಾಡೊ): ಹಾಗಾದರೆ ಒಂದು ದಿನಕ್ಕೆ ಎಷ್ಟು ಗುಂಡು? ಬೆಚ್ಚುವಿಕೆ ಹೋಗಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಉತ್ತರ (ರೇಂಜ್ ತರಬೇತುದಾರ): .375ಗೆ ಹತ್ತು, ಹೆಚ್ಚೆಂದರೆ ಹನ್ನೆರಡು. ಅದರಲ್ಲೂ ಮೂರು ಮೂರಾಗಿ, ನಡುವೆ ನಳಿಗೆ ತಣಿಯಲು ಬಿಟ್ಟು. ಶುರು ಒದೆತವೇ ಇಲ್ಲದಂಥ ಸಣ್ಣ .22 ರೈಫಲ್‌ನಿಂದ, ಆಮೇಲೆ ಮೂರು .375, ಮತ್ತೆ .22. ಕೊನೆಯ ಗುಂಡು ಯಾವಾಗಲೂ .22ದೇ ಇರಲಿ.

ಝೀರೋಗೆ ತೋಟೆ ಸುಡಬೇಡಿ. ಬೋಲ್ಟ್ ತೆಗೆದು ನಳಿಗೆಯ ಮೂಲಕ ಗುರಿ ನೋಡಿ, ಸ್ಕೋಪ್ ಅದಕ್ಕೆ ಹೊಂದಿಸಿ, ಮೊದಲ ಗುಂಡು 25 ಗಜಕ್ಕೆ. ಅಲ್ಲಿ ಸರಿಯಾಗಿ ಗುರಿಗೆ ತಾಗಿದರೆ ನಿಮ್ಮ 300 ಗ್ರೇನ್ ಗುಂಡು 100 ಗಜದಲ್ಲಿ ಎರಡು, ಎರಡೂವರೆ ಇಂಚು ಮೇಲೆ ಬೀಳುತ್ತದೆ, 200ರ ಹತ್ತಿರ ಮತ್ತೆ ಗುರಿಗೆ ಬರುತ್ತದೆ. 100 ಗಜದಲ್ಲಿ ಮೂರು ಗುಂಡು ಹೊಡೆದು ಖಾತ್ರಿ ಮಾಡಿಕೊಂಡರೆ ಬೆಂಚ್ ಕೆಲಸ ಮುಗಿಯಿತು. ಉಳಿದದ್ದು ಮೂರು ಕಾಲಿನ ಶೂಟಿಂಗ್ ಸ್ಟಿಕ್ಸ್ ಮೇಲೆ, ನಿಂತು. ಆಫ್ರಿಕಾದಲ್ಲಿ ಬೆಂಚ್ ಸಿಗುವುದಿಲ್ಲ. ಬೆಂಚಿನ ಝೀರೋಗೂ ಸ್ಟಿಕ್ಸ್ ಮೇಲಿನದಕ್ಕೂ ವ್ಯತ್ಯಾಸ ಕಂಡರೆ ಸ್ಟಿಕ್ಸ್ ಮೇಲಿನದನ್ನೇ ನಂಬಿ.

ಬೆಚ್ಚುವಿಕೆಗೆ ಪರೀಕ್ಷೆ: ಇನ್ನೊಬ್ಬರು ನಿಮಗೆ ಕಾಣದಂತೆ ತುಂಬಿಕೊಡಲಿ, ಕೆಲವು ಸಲ ನಿಜವಾದ ತೋಟೆ, ಕೆಲವು ಸಲ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಡಮ್ಮಿ ತೋಟೆ). ಟ್ರಿಗರ್ ಎಳೆದಾಗ ಬರೀ ಕ್ಲಿಕ್ ಬಂದು ಕ್ರಾಸ್‌ಹೇರ್ ಕದಲದಿದ್ದರೆ ಸರಿ. ನಳಿಗೆಯ ತುದಿ ಕೆಳಕ್ಕೆ ಮುಗ್ಗರಿಸಿದರೆ ಅವತ್ತಿಗೆ .375 ಚೀಲಕ್ಕೆ ಹಾಕಿ. ಮನೆಯಲ್ಲಿ ಖಾಲಿ ರೈಫಲ್‌ನಲ್ಲಿ, ತೋಟೆ ಬೇರೆ ಕೋಣೆಯಲ್ಲಿಟ್ಟು, ಸ್ನ್ಯಾಪ್ ಕ್ಯಾಪ್ ಹಾಕಿ ದಿನಕ್ಕೆ ಇಪ್ಪತ್ತು ಸಲ ಟ್ರಿಗರ್ ಎಳೆದರೆ ಎರಡು ವಾರದಲ್ಲಿ ಫರಕು ಕಾಣುತ್ತದೆ.

ಪ್ರಶ್ನೆ (ನ್ಯೂಜೆರ್ಸಿ): ನಮ್ಮ ಭಾವನವರಿಗೆ ಎಡ ಎದೆಯಲ್ಲಿ ಪೇಸ್‌ಮೇಕರ್ ಇದೆ, ಅವರು ಎಡಗೈಯಲ್ಲಿ ಹೊಡೆಯುವವರು. .30-06 ಪರವಾಗಿಲ್ಲವಾ?

ಉತ್ತರ (ರೇಂಜ್ ತರಬೇತುದಾರ): ಬೇಡ ಮೇಡಂ. ಬಟ್ಟಿನ ಏಟು ಆ ಪೆಟ್ಟಿಗೆಯ ಮೇಲೋ ಅದರ ತಂತಿಯ ಮೇಲೋ ಬಿದ್ದರೆ ತಂತಿ ಹಾಳಾಗಬಹುದು. ಪ್ಯಾಡ್ ಎಷ್ಟು ದಪ್ಪ ಇದ್ದರೂ ಆ ಭುಜಕ್ಕೆ ಬಟ್ ಇಡಬಾರದು. ಅವರ ಹೃದ್ರೋಗ ವೈದ್ಯರು ಒಪ್ಪಿದರೆ ಬಲ ಭುಜಕ್ಕೆ ಬದಲಾಯಿಸಿಕೊಂಡು .22ರಿಂದ ಶುರು ಮಾಡಲಿ. ರೆಟಿನಾ ಶಸ್ತ್ರಚಿಕಿತ್ಸೆ ಆದವರೂ ಕಣ್ಣಿನ ಡಾಕ್ಟರನ್ನು ಕೇಳದೆ ದೊಡ್ಡ ಕ್ಯಾಲಿಬರ್ ಮುಟ್ಟಬಾರದು.