ಸಹಾಯ ಬೇಕು: ಕೀಬೋರ್ಡ್ ಟೋನ್ ಬದಲಿಸಿದರೆ ಮಿಕ್ಸರ್ ಸೀನ್ ಹಾರುತ್ತಿದೆ

ಎಲ್ಲರಿಗೂ ನಮಸ್ಕಾರ್ರೀ. ಬಾಗಲಕೋಟೆಯಲ್ಲಿ ಸೌಂಡ್ ಕೆಲಸ ಮಾಡುತ್ತೇನೆ, ಜಾತ್ರೆ ನಾಟಕಗಳೇ ಜಾಸ್ತಿ. ಹೋದ ವಾರ ಬಾದಾಮಿ ಹತ್ತಿರ ಒಂದು ನಾಟಕದಲ್ಲಿ ಮರ್ಯಾದೆ ಹೋಯ್ತು.

ನಮ್ಮ ಡಿಜಿಟಲ್ ಮಿಕ್ಸರ್‌ಗೆ ಎರಡು ಕಡೆಯಿಂದ ಮಿಡಿ (ವಾದ್ಯ, ಯಂತ್ರಗಳು ಒಂದಕ್ಕೊಂದು ಕಳಿಸುವ ಡಿಜಿಟಲ್ ಸಂದೇಶ) ಬರುತ್ತದೆ. ಲ್ಯಾಪ್‌ಟಾಪ್ ಯುಎಸ್‌ಬಿಯಲ್ಲಿ, ಕೀಬೋರ್ಡ್ ಐದು ಪಿನ್ನಿನ ಮಿಡಿ ಇನ್‌ನಲ್ಲಿ. ಲ್ಯಾಪ್‌ಟಾಪಿನಿಂದ ಪ್ರೋಗ್ರಾಂ ಚೇಂಜ್ (ನಂಬರ್ ಹೇಳಿ ಟೋನ್ ಅಥವಾ ಸೀನ್ ಬದಲಿಸುವ ಮಿಡಿ ಸಂದೇಶ) ಕಳಿಸಿ ಸೀನ್ ಬದಲಿಸುತ್ತೇನೆ (ನಾಟಕದ ಸೀನಲ್ಲ, ಮಿಕ್ಸರಿನಲ್ಲಿ ಉಳಿಸಿಟ್ಟ ಸೆಟ್ಟಿಂಗು). ಹಾಡಿಗೆ ಎಕೋ ಬೇಕಾದಾಗ ಕೀಬೋರ್ಡ್ ಮಾಸ್ತರು ಪೆಡಲ್ ಒತ್ತಲಿ ಅಂತ ಕೀಬೋರ್ಡ್ ವೈರು ಹಾಕಿದ್ದು.

ಮಾಸ್ತರು ಪೇಟಿ ಟೋನಿನಿಂದ ಶಹನಾಯಿಗೆ ಹೋದರು ನೋಡಿ, ಅದೂ ಪ್ರೋಗ್ರಾಂ ಚೇಂಜ್ ಆಗಿಯೇ ಬಂತು. ಸೀನ್ ಹಾರಿ ಹೀರೋಯಿನ್ ಮೈಕ್ ಮ್ಯೂಟ್! ಗೌಡನ ಎದುರು ಅತ್ತು ಬೇಡಿಕೊಳ್ಳುವ ಮಾತು, ಬಾಯಿ ಮಾತ್ರ ಆಡುತ್ತಿದೆ. ಜನ ಸಿಳ್ಳೆ ಹಾಕಿದರು.

ಮಿಡಿ ಸೆಟಪ್‌ನಲ್ಲಿ ಪ್ರೋಗ್ರಾಂ ಚೇಂಜ್ ರಿಸೀವ್ ಆಫ್ ಮಾಡಿದೆ. ಲ್ಯಾಪ್‌ಟಾಪಿನದೂ ನಿಂತಿತು. ಫಿಲ್ಟರ್ ಎರಡೂ ಪೋರ್ಟಿಗೆ ಒಂದೇ ಇದ್ದ ಹಾಗಿದೆ. ಆಮೇಲೆ ಮಿಕ್ಸರ್, ಲ್ಯಾಪ್‌ಟಾಪ್ ಎರಡನ್ನೂ ಮಿಡಿ ಚಾನೆಲ್ 16ಕ್ಕೆ ಇಟ್ಟೆ, ಕೀಬೋರ್ಡ್ 1ರಲ್ಲೇ ಬಿಟ್ಟೆ. ಆದರೂ ಹಾರಿತು. ನೋಡಿದರೆ ಓಮ್ನಿ ಆನ್ ಇತ್ತು, 16 ಚಾನೆಲ್ಲನ್ನೂ ಕೇಳಿಸಿಕೊಳ್ಳುತ್ತಿತ್ತು! ಅದನ್ನು ಆಫ್ ಮಾಡಿದ ಮೇಲೆ ಸೀನ್ ಸರಿ, ಆದರೆ ಪೆಡಲ್ ಸತ್ತಿದೆ. ಅದೂ ಚಾನೆಲ್ 1ರಲ್ಲೇ ಬರುತ್ತದಲ್ವಾ.

ಪೆಡಲಿನ ಕಂಟ್ರೋಲ್ ಚೇಂಜ್ (ಪೆಡಲ್ ಒತ್ತಿದಾಗ ಹೋಗುವ ಮಿಡಿ ಸಂದೇಶ) ಬರಬೇಕು, ಟೋನಿನ ಪ್ರೋಗ್ರಾಂ ಚೇಂಜ್ ಬರಬಾರದು. ಕೀಬೋರ್ಡಿನಲ್ಲೇ ಅದನ್ನು ಕಳಿಸದಂತೆ ಮಾಡಬಹುದಾ? ಮೆನುವಿನಲ್ಲಿ ನನಗೆ ಸಿಗಲಿಲ್ಲ. ಇಲ್ಲ, ಕೀಬೋರ್ಡನ್ನೂ ಲ್ಯಾಪ್‌ಟಾಪಿಗೇ ಹಾಕಿ ಅಲ್ಲೇ ಸೋಸಿ ಕಳಿಸುವುದು ಒಳ್ಳೆಯದಾ? ಮಾಡಿದವರು ಯಾರಾದರೂ ಇದ್ದರೆ ಹೇಳ್ರೀ, ಶನಿವಾರ ಮತ್ತೆ ನಾಟಕ ಇದೆ.