ಸಾನ್‌ಝಾಂಗ್ ಕುರಿ ಅಂದವರು ಯಾರು? ‘ಪಶ್ಚಿಮ ಯಾತ್ರೆ’ಯವರಿಗೆ ಚೀನೀ ವರ್ಷದ ಪ್ರಾಣಿಗಳು

ತುಂಗಾತೀರ:
ಚೀನಾದ ‘ಪಶ್ಚಿಮ ಯಾತ್ರೆ’ ಕಾದಂಬರಿಯನ್ನ ಎರಡನೇ ಸಲ ಓದಿ ಮುಗಿಸಿದೆ. 1592ರಲ್ಲಿ ನಾನ್‌ಜಿಂಗ್‌ನಲ್ಲಿ ಅಚ್ಚಾದ ನೂರು ಅಧ್ಯಾಯದ ಕಥೆ. ಬೌದ್ಧ ಗ್ರಂಥ ತರೋಕೆ ನಮ್ಮ ದೇಶಕ್ಕೆ ಹೊರಟ ಸನ್ಯಾಸಿ ಸಾನ್‌ಝಾಂಗ್, ಮೂವರು ಶಿಷ್ಯರು (ವಾನರ ವೂಕಾಂಗ್, ಹಂದಿಮುಖದ ಬಾಜಿಯೆ, ಷಾ ಸೆಂಗ್), ಒಂದು ಬಿಳಿ ಕುದುರೆ. ಚೀನೀಯರ ಹನ್ನೆರಡು ವರ್ಷದ ಚಕ್ರದಲ್ಲಿ ಇಲಿಯಿಂದ ಹಂದಿಯವರೆಗೆ ವರ್ಷಕ್ಕೊಂದು ಪ್ರಾಣಿ ಇದೆಯಲ್ಲ, ಇವರಿಗೆ ಯಾವ್ಯಾವುದು ಒಪ್ಪುತ್ತೆ? ನನ್ನ ಲೆಕ್ಕ: ವೂಕಾಂಗ್ ಕೋತಿ, ಬಾಜಿಯೆ ಹಂದಿ, ಇದರಲ್ಲಿ ಮಾತೇ ಇಲ್ಲ. ಬಿಳಿ ಕುದುರೆ ಪಶ್ಚಿಮ ಸಮುದ್ರದ ನಾಗರಾಜನ ಮಗ, ಹಾಗಾಗಿ ಡ್ರ್ಯಾಗನ್ನೂ ಅದೇ, ಕುದುರೆಯೂ ಅದೇ. ಮೂಟೆ ಹೊತ್ತು ಮಾತಾಡದೆ ನಡೆಯೋ ಷಾ ಸೆಂಗ್ ಎತ್ತು. ಗುರು ಸಾನ್‌ಝಾಂಗ್ ಕುರಿ. ಸಾಧು, ಹೆದರುಪುಕ್ಕ, ಯಾರು ಬಂದು ಎಳೆದರೂ ಹೋಗಿಬಿಡ್ತಾನೆ.

ಬಾದಾಮಿ ಬಂಡೆ:
ಅಲ್ರೀ, ಮುಖ ನೋಡಿ ಪ್ರಾಣಿ ಹಚ್ಚೂದಲ್ಲ ಅದು, ಹುಟ್ಟಿದ ವರ್ಷ ನೋಡಬೇಕು. ಆ ಸನ್ಯಾಸಿ ಕಟ್ಟುಕಥೆ ಅಲ್ಲ. ಶಾಲಿಯೊಳಗ ಹ್ಯೂಯೆನ್ ತ್ಸಾಂಗ್ ಅಂತ ಓದೀವಲ್ಲ, ಅವನೇ. ನಮ್ಮ ಇಮ್ಮಡಿ ಪುಲಕೇಶಿ ಬಗ್ಗೆ, ಹರ್ಷನಿಗೂ ಬಗ್ಗದ ನಾಡು ಇದು ಅಂತ ಬರೆದಿಟ್ಟು ಹೋದವ. ಹುಟ್ಟಿದ್ದು 602, ಅದು ನಾಯಿ ವರ್ಷ. ಮುಗೀತು.

ಗುವಾಂಗ್‌ಝೌ ಗೆಳತಿ:
‘ಮುಗೀತು’ ಅಂತ ಹೇಗೆ ಹೇಳ್ತೀರ? ಅವರು ತೀರಿಕೊಂಡಿದ್ದು 664ರಲ್ಲಿ, ಅದು ಸರಿ. ಆಗ ವಯಸ್ಸೆಷ್ಟು ಅನ್ನೋದನ್ನ ಹಳೇ ದಾಖಲೆಗಳು ಒಂದೊಂದು ಥರ ಹೇಳುತ್ವೆ. ಹುಟ್ಟಿದ ವರ್ಷವನ್ನೇ ಒಂದು ಅಂತ ಎಣಿಸೋ ಚೀನೀ ಲೆಕ್ಕದಲ್ಲಿ 63 ಅಂತ ಹಿಡಿದರೆ 602, ನಾಯಿ. 65 ಅಂದರೆ 600, ಕೋತಿ! 69 ಅಂದರೆ 596, ಡ್ರ್ಯಾಗನ್. ನಿಮಗೆ ಬೇಕಾದ ಒಂದನ್ನೇ ಎತ್ತಿಕೊಂಡಿದ್ದೀರಿ.

ಅಂಜನಾದ್ರಿ ನೆರಳು:
ಕೋತಿ ಅಂದ್ರಲ್ಲ, ಅಲ್ಲಿಗೇ ಬನ್ನಿ. ವೂಕಾಂಗ್ ನಮ್ಮ ಹನುಮಂತ. ಆಕಾಶದಲ್ಲಿ ಹಾರ್ತಾನೆ, ರೂಪ ಬದಲಿಸ್ತಾನೆ, ಗುರುವಿನ ಸೇವೆ ಮಾಡ್ತಾನೆ. ಹೂ ಷಿ ಅನ್ನೋ ಚೀನೀ ವಿದ್ವಾಂಸರೇ 1920ರ ದಶಕದಲ್ಲಿ ಇದನ್ನ ಹೇಳಿದ್ದಾರೆ. ಆನೆಗೊಂದಿ ಬೆಟ್ಟದಲ್ಲಿ ಹುಟ್ಟಿದವನಿಗೆ ಚೀನಾದ ವರ್ಷ ಯಾಕೆ?

ಗುವಾಂಗ್‌ಝೌ ಗೆಳತಿ:
ಚೀನೀ ಲೇಖಕ ಲೂ ಷುನ್ ಅದನ್ನ ಒಪ್ಪಲಿಲ್ಲ, ಹ್ವಾಯ್ ನದಿಯ ಕೋತಿಯಂಥ ಜಲರಾಕ್ಷಸನ ಕಥೆಯೇ ಮೂಲ ಅಂದರು. ಅದನ್ನೂ ಹೇಳಿ. ಹನುಮಂತ ಯಾವತ್ತಾದರೂ ರಾಮನ ಸಿಂಹಾಸನ ಕೇಳಿದ್ದನಾ? ವೂಕಾಂಗ್ ಸ್ವರ್ಗದ ಗದ್ದುಗೆಯೇ ಬೇಕು ಅಂತ ಜಗಳಕ್ಕೆ ನಿಂತವನು.

ಕುರಿಹಟ್ಟಿ:
ತುಂಗಾತೀರ ಅವರೇ, ‘ಸಾಧು, ಹೆದರುಪುಕ್ಕ, ಅದಕ್ಕೆ ಕುರಿ’ ಅಂತ ಬರೆದಿದ್ದೀರಿ. ಕುರಿ ಕಾದಿದ್ದೀರಾ? ನಮ್ಮಪ್ಪ ಚಳ್ಳಕೆರೆ ಕಡೆ ಮಂದೆ ಹೊಡೆದುಕೊಂಡು ವರ್ಷದಲ್ಲಿ ಆರು ತಿಂಗಳು ಊರೂರು ತಿರುಗಿದವರು. ಇಡೀ ಪುಸ್ತಕದಲ್ಲಿ ನಿಮ್ಮ ಸನ್ಯಾಸಿ ಒಂದು ದಿನ ಕುರಿ ಥರ ನಡೆದುಕೊಂಡಿಲ್ಲ. ಮೂಳೆ ಪಿಶಾಚಿಯ ಪ್ರಸಂಗದಲ್ಲಿ ತನ್ನನ್ನ ಕಾಪಾಡಿದ ವೂಕಾಂಗ್‌ನನ್ನೇ ತಲೆನೋವು ಬರಿಸೋ ಮಂತ್ರ ಹೇಳಿ, ಕಾಗದ ಬರೆದು ಕೊಟ್ಟು ಓಡಿಸಿದ. ಕುರಿ ತನ್ನ ಕಾವಲಿನವನನ್ನ ಓಡಿಸಲ್ಲ.

ತುಂಗಾತೀರ:
‘ಕುರಿ ಕಾದಿದ್ದೀರಾ’ ಅಂದರೆ ಏನರ್ಥ? ಕಾದಂಬರಿ ಓದೋಕೆ ಮಂದೆ ಬೇಕಾ? ಆ ಪ್ರಸಂಗದಲ್ಲೇ ನೋಡಿ, ಬಾಜಿಯೆ ಚಾಡಿ ಹೇಳಿದ, ಗುರು ನಂಬಿದ. ಅದನ್ನೇ ನಾನು ಕುರಿ ಅಂದಿದ್ದು.

ಗುವಾಂಗ್‌ಝೌ ಗೆಳತಿ:
ಮೊದಲು ಅದು ಕುರಿಯೇ ಅಲ್ಲ. ಚೀನೀಯಲ್ಲಿ ಆ ವರ್ಷಕ್ಕೆ ‘ಯಾಂಗ್’ ಅಂತಾರೆ. ಆಡಿಗೂ ಅದೇ ಮಾತು, ಕುರಿಗೂ ಅದೇ ಮಾತು. ನಾನಿರೋ ಗುವಾಂಗ್‌ಝೌಗೆ ‘ಯಾಂಗ್ ನಗರ’ ಅಂತಲೇ ಹೆಸರು. ಐದು ಜನ ದೇವತೆಗಳು ಐದು ಯಾಂಗ್ ಹತ್ತಿ ಭತ್ತದ ತೆನೆ ತಂದುಕೊಟ್ಟರು ಅಂತ ಕಥೆ. ಯುಯೆಷಿಯು ಪಾರ್ಕಿನಲ್ಲಿ ಐದೂ ಕಲ್ಲಲ್ಲಿ ನಿಂತಿವೆ. ಮೇಲಿರೋ ದೊಡ್ಡದರ ಬಾಯಲ್ಲಿ ತೆನೆ, ಗದ್ದದಡಿ ಗಡ್ಡ. ಕುರಿಗೆ ಗಡ್ಡ ಇರುತ್ತಾ?

ಕುರಿಹಟ್ಟಿ:
ಇರಲ್ಲ! ಅದು ಹೋತ. ಆಡು ಅಂತಾದರೆ ನಾನು ಒಪ್ತೀನಿ. ಮಧ್ಯಾಹ್ನ ಬಿಸಿಲು ಏರಿದಾಗ ನೋಡಿ, ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿಕೊಂಡು ಗುಂಪಾಗಿ ನಿಂತುಬಿಡುತ್ವೆ, ಕೋಲು ಹಾಕಿದರೂ ಕದಲಲ್ಲ. ಅದೇ ಬಿಸಿಲಲ್ಲಿ ಆಡು ಹಿಂಗಾಲ ಮೇಲೆ ನಿಂತು ಜಾಲಿಕೊಂಬೆ ಎಳೀತಿರುತ್ತೆ. ಮಂದೆ ಹಳ್ಳ ದಾಟಬೇಕಾದಾಗ ಅಪ್ಪ ಮುಂದೆ ಬಿಡ್ತಿದ್ದಿದ್ದು ಆಡನ್ನ. ಅದು ನೀರಿಗೆ ಕಾಲಿಟ್ಟ ಮೇಲೇನೇ ಕುರಿ ಹಿಂದೆ ಬರೋದು. ಸಾನ್‌ಝಾಂಗ್ ಆಡು. ಗುರಿ ಬಿಟ್ಟು ಒಂದು ಹೆಜ್ಜೆ ಹಿಂದೆ ಇಡಲಿಲ್ಲ.

ಬಾದಾಮಿ ಬಂಡೆ:
‘ಒಂದು ಹೆಜ್ಜೆ ಹಿಂದೆ ಇಡಲಿಲ್ಲ’ ಅಂತೀರಿ, ಇಟ್ಟಾನ್ರೀ. ಮರುಭೂಮಿಯೊಳಗ ನೀರಿನ ಚೀಲ ಕೈಜಾರಿ ಚೆಲ್ಲಿತು, ಪೂರ್ವಕ್ಕ ಚೀನೀ ಅಳತಿಯ ಹತ್ತು ಲೀ ದೂರ ಹೊಳ್ಳಿ ಬಂದಾನ. ಆಮೇಲೆ ತಾನು ಮಾಡಿದ ಪ್ರತಿಜ್ಞೆ ನೆನೆಸಿಕೊಂಡು ಮತ್ತ ಪಶ್ಚಿಮಕ್ಕ ತಿರುಗಿದ. ನಾಲ್ಕು ರಾತ್ರಿ ಐದು ಹಗಲು ಒಂದು ಹನಿ ನೀರಿಲ್ಲ. ಶಿಷ್ಯನ ಬರೆಹದಾಗ ಐತಿ. ಅದು ನಾಯಿಯ ನಿಷ್ಠೆ.

ಗುವಾಂಗ್‌ಝೌ ಗೆಳತಿ:
ನೀವು ಹೇಳ್ತಿರೋದು ಇತಿಹಾಸದ ಮನುಷ್ಯನ ಬಗ್ಗೆ. ಅವರು ಅಪ್ಪಣೆ ಇಲ್ಲದೆ ಕದ್ದು ಗಡಿ ದಾಟಿದವರು. ಕಾದಂಬರಿಯಲ್ಲಿ ಚಕ್ರವರ್ತಿಯೇ ತಮ್ಮ ಅಂತ ಕರೆದು, ಬಟ್ಟಲು ಕೊಟ್ಟು ಕಳಿಸಿಕೊಡ್ತಾನೆ. ಅದೂ ಝೆನ್‌ಗ್ವಾನ್ ಆಳ್ವಿಕೆಯ 13ನೇ ವರ್ಷ, ಅಂದರೆ 639ರಲ್ಲಿ. ಆಗ ನಿಜವಾದ ಹ್ಯೂಯೆನ್ ತ್ಸಾಂಗ್, ಅಂದರೆ ಷ್ವಾನ್‌ಝಾಂಗ್ ಭಾರತದಲ್ಲೇ ಇದ್ದರು, 645ಕ್ಕೆ ವಾಪಸ್ ಊರಿಗೆ. ಕಾದಂಬರಿಕಾರ ಆ ವರ್ಷವನ್ನ ಹಾವಿನ ವರ್ಷ ಅಂತ ಬರೀತಾನೆ, ಲೆಕ್ಕದ ಪ್ರಕಾರ 639 ಹಂದಿ ವರ್ಷ. ಪುಸ್ತಕವೇ ವರ್ಷ ತಪ್ಪಿಸಿರೋವಾಗ ನಿಮ್ಮ 602 ಎಲ್ಲಿ ನಿಲ್ಲುತ್ತೆ?

ಬಾದಾಮಿ ಬಂಡೆ:
ತಪ್ಪು ಕಾದಂಬರಿಯದು, ನಂದಲ್ಲ. ಪುಲಕೇಶಿ ಹೆಸರು ಬರೆದ ಮನುಷ್ಯಾನ್ನ ಬಿಟ್ಟು ಕಟ್ಟುಕಥೆ ಹಿಡಕೊಂಡು ಕುಂತೀರಿ.

ತುಂಗಾತೀರ:
ಕಾದಂಬರಿ ಬಗ್ಗೆ ಚರ್ಚೆ ಶುರು ಮಾಡಿದ್ದೇ ನಾನು, ಬಂಡೆ ಸರ್. ಆಡು ಅನ್ನೋವ್ರಿಗೂ ಒಂದು ಮಾತು. ‘ಆಡು ಮುಟ್ಟದ ಸೊಪ್ಪಿಲ್ಲ’ ಅಂತೀವಿ. ಈ ಸನ್ಯಾಸಿ ಮುಟ್ಟದ್ದು ಎಷ್ಟಿದೆ! ಮಗುವಿನ ಆಕಾರದ ಹಣ್ಣು ಕೊಟ್ಟರೆ ಮಗು ಅಂತಲೇ ಹೆದರಿ ತಿನ್ನಲಿಲ್ಲ.

ಕುರಿಹಟ್ಟಿ:
ಗಾದೆ ತಿನ್ನೋದರ ಬಗ್ಗೆ ಹೇಳುತ್ತೆ, ಧೈರ್ಯದ ಬಗ್ಗೆ ಅಲ್ಲ. ನನಗೆ ಬೇಸರ ಆಗಿರೋದು ಬೇರೆ. ಕುರಿ ಅಂದರೆ ದಡ್ಡ ಅಂತ ಬಾಯಿಗೆ ಬಂದ ಹಾಗೆ ಬಳಸ್ತೀರಿ. ಆ ಕುರಿಯ ಉಣ್ಣೆಯ ಕಂಬಳಿ ಹೊದ್ದು ಓದಿದವನು ನಾನು.

ಗುವಾಂಗ್‌ಝೌ ಗೆಳತಿ:
ಇಲ್ಲೂ ಅದೇ ಹಣೆಬರಹ. ‘ಹತ್ತು ಯಾಂಗ್‌ಗಳಲ್ಲಿ ಒಂಬತ್ತು ಅಪೂರ್ಣ’ ಅನ್ನೋ ಮಾತಿದೆ. ಆ ವರ್ಷ ಹುಟ್ಟಿದ ಹೆಣ್ಣುಮಕ್ಕಳನ್ನ ಮದುವೆಗೆ ಬೇಡ ಅಂತಾರೆ. ನಮ್ಮಲ್ಲಿ ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗಲ್ಲ ಅಂತಾರಲ್ಲ, ಹಾಗೇ. ನನ್ನ ಪಕ್ಕದ ಮೇಜಿನವಳು 1991ರವಳು, ಯಾಂಗ್ ವರ್ಷ. ಅವಳ ಎದುರು ಈ ವಿಷಯ ಎತ್ತೋ ಹಾಗಿಲ್ಲ, ಮುಖ ಬಾಡುತ್ತೆ. ಮೂಲಾ ನಕ್ಷತ್ರ ಅಂತ ನನ್ನಕ್ಕನ ಎರಡು ಸಂಬಂಧ ತಪ್ಪಿಹೋಗಿತ್ತು, ಅದಕ್ಕೇ ಇದು ನನಗೆ ಆಟ ಅಲ್ಲ. ಆಡು ಅನ್ನಿ, ಕುರಿ ಅನ್ನಿ, ಹೆದರುಪುಕ್ಕ ಅನ್ನಬೇಡಿ.

ತುಂಗಾತೀರ:
ನಾನು ಹೆಣ್ಣುಮಕ್ಕಳ ಬಗ್ಗೆ ಒಂದಕ್ಷರ ಬರೆದಿಲ್ಲ. ಎಲ್ಲಿಂದ ಎಲ್ಲಿಗೆ ಎಳೀತೀರ?

ಅಂಜನಾದ್ರಿ ನೆರಳು:
ಹನುಮಂತನ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ.

ಕುರಿಹಟ್ಟಿ:
ಇನ್ನೊಂದು. ‘ಮೂಟೆ ಹೊತ್ತು ನಡೆಯೋ ಷಾ ಸೆಂಗ್ ಎತ್ತು’ ಅಂದಿರಿ. ಪುಸ್ತಕದಲ್ಲಿ ಮೂಟೆ ಹೊತ್ತವನು ಬಾಜಿಯೆ. ಕೊನೇ ಅಧ್ಯಾಯದಲ್ಲಿ ಬುದ್ಧ ಪದವಿ ಹಂಚುವಾಗ ಹೊರೆ ಹೊತ್ತ ಪುಣ್ಯ ಅಂತ ಹೇಳೋದು ಬಾಜಿಯೆಗೆ, ಕುದುರೆ ಹಿಡಿದು ಬೆಟ್ಟ ಹತ್ತಿಸಿದ ಪುಣ್ಯ ಷಾ ಸೆಂಗ್‌ಗೆ. ಮೂಟೆ ಷಾ ಸೆಂಗ್ ಹೆಗಲಿಗೆ ಬಂದಿದ್ದು 1986ರ ಟೀವಿ ಧಾರಾವಾಹಿಯಲ್ಲಿ. ಎರಡನೇ ಸಲ ಓದಿದ್ದು ಪುಸ್ತಕವನ್ನಾ, ನೋಡಿದ್ದು ಟೀವಿಯನ್ನಾ?

ತುಂಗಾತೀರ:
ಟೀವಿ ಮಾತು ಬೇಡ, ಪುಸ್ತಕ ಮಡಿಲಲ್ಲೇ ಇದೆ. ಚೀನೀಯರ ಪಂಚತತ್ವದ (ಮರ, ಬೆಂಕಿ, ಮಣ್ಣು, ಲೋಹ, ನೀರು) ಲೆಕ್ಕದಲ್ಲಿ ಕಾದಂಬರಿ ಷಾ ಸೆಂಗ್‌ನನ್ನ ಮಣ್ಣು ಅನ್ನುತ್ತೆ. ಎತ್ತಿನ ವರ್ಷವೂ ಮಣ್ಣೇ.

ಗುವಾಂಗ್‌ಝೌ ಗೆಳತಿ:
ನಾಯಿಯೂ ಮಣ್ಣು, ಯಾಂಗೂ ಮಣ್ಣು, ಡ್ರ್ಯಾಗನ್ನೂ ಮಣ್ಣು. ನಾಲ್ಕರಲ್ಲಿ ನಿಮಗೆ ಬೇಕಾದ್ದು ಒಂದೇ ಕಾಣ್ತಿದೆ.

ಬಾದಾಮಿ ಬಂಡೆ:
ನಾಯಿ ಅಂದ್ರಲ್ಲ! ನಾನೂ ಮೊದಲಿನಿಂದ ಅದನ್ನೇ ಹೇಳಾಕತ್ತೀನಿ.

ಗುವಾಂಗ್‌ಝೌ ಗೆಳತಿ:
ಷಾ ಸೆಂಗ್‌ಗೆ ಸರ್. ಸಾನ್‌ಝಾಂಗ್‌ಗೆ ಅಲ್ಲ.

ಕುರಿಹಟ್ಟಿ:
ಷಾ ಸೆಂಗ್ ನಾಯಿ ಅಂದರೆ ಸರಿ ಕೂರುತ್ತೆ. ಗುರು ಓಡಿಸಿದಾಗ ವೂಕಾಂಗ್ ತನ್ನ ಹೂಹಣ್ಣಿನ ಬೆಟ್ಟಕ್ಕೆ ಹೋದ, ಬಾಜಿಯೆ ಪ್ರತಿ ಕಷ್ಟಕ್ಕೂ ಮೂಟೆ ಹಂಚಿಕೊಂಡು ಮನೆಗೆ ಹೋಗೋಣ ಅಂದ. ಕುದುರೆಯ ಪಕ್ಕ ನಿಂತು ಕಾದವನು ಇವನೊಬ್ಬ. ನಮ್ಮ ಹಟ್ಟಿ ನಾಯಿಯೂ ಹಾಗೇ, ಮಂದೆಯ ಹೊರಸುತ್ತಿನಲ್ಲಿ ಮಲಗೋದು, ಒಳಗೆ ಬರಲ್ಲ.

ತುಂಗಾತೀರ:
ಮೇಲಿನ ಪಟ್ಟಿಯಲ್ಲಿ ಷಾ ಸೆಂಗ್ ಸಾಲು ತೆಗೆದುಬಿಡ್ತೀನಿ. ಸಾನ್‌ಝಾಂಗ್ ಸಾಲು ಹಾಗೇ ಇರುತ್ತೆ, ಕುರಿ ಅಂತಲೇ.

ಕುರಿಹಟ್ಟಿ:
ಆಡು.