ಅಮ್ಮನನ್ನು ಗೋಸಾಯಿಕುಂಡಕ್ಕೆ ಕರೆದುಕೊಂಡು ಹೋಗಬಹುದಾ?

ಡೊಂಬಿವಲಿ ಹುಡುಗ: ನೂಲು ಹುಣ್ಣಿಮೆಗೆ ನೇಪಾಳದ ಗೋಸಾಯಿಕುಂಡ ನೋಡಬೇಕು ಅಂತ ಅಮ್ಮನಿಗೆ ತುಂಬಾ ಆಸೆ. ವಯಸ್ಸು 61, ಬಿಪಿ ಮಾತ್ರೆ ಇದೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಮಾಟುಂಗಾ ಅಕ್ಕ: ನಾನು ಹೋಗಿದ್ದೇನೆ ತಮ್ಮಾ. ಕೊಳ ಇರುವುದು ಸುಮಾರು 4,380 ಮೀಟರ್ ಎತ್ತರದಲ್ಲಿ, ನಡಿಗೆ ಶುರುವಾಗುವ ಧುಂಚೆ ಸುಮಾರು 2,000 ಮೀಟರ್, ಹಾಗಾಗಿ ಎರಡೇ ದಿನದಲ್ಲಿ ಹತ್ತಿಬಿಡೋಣ ಅನ್ನುವ ಅವಸರವೇ ಅಪಾಯ. 3,000 ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ನಾನು ತಲೆನೋವನ್ನು ಯಾರಿಗೂ ಹೇಳದೆ ನಡೆದೆ, ರಾತ್ರಿ ವಾಂತಿ ಶುರುವಾಯಿತು, ಕತ್ತಲಲ್ಲೇ ಕೆಳಗೆ ಇಳಿಸಿದರು. ಎರಡು ದಿನ ಬಿಟ್ಟು ಮತ್ತೆ ಹತ್ತಿದೆ. ವಿಷ ಕುಡಿದ ಶಿವ ಉರಿ ತಾಳದೆ ತ್ರಿಶೂಲದಿಂದ ನೀರು ಚಿಮ್ಮಿಸಿದ ಜಾಗ ಅಂತಾರಲ್ಲ, ಆ ತಣ್ಣನೆ ನೀರು ಮುಟ್ಟಿದಾಗ ಅತ್ತೇಬಿಟ್ಟೆ.

ಪುಣೆಯಿಂದ: ಮೊದಲು ಡಾಕ್ಟರಿಗೆ ತೋರಿಸಿ. ಸಿಂಹಗಡ ಹತ್ತಿದರೆ ಕಾಲಿಗೆ ಅಭ್ಯಾಸ ಆಗುತ್ತದೆ, ತೆಳು ಗಾಳಿಗೆ ಆಗುವುದಿಲ್ಲ. ಹುಣ್ಣಿಮೆ ಹೊತ್ತಿಗೆ ಮಳೆ, ಜಾರುವ ದಾರಿ, ಜನವೂ ಜಾಸ್ತಿ. ಅಮ್ಮ ಒಪ್ಪಿದರೆ ಅಕ್ಟೋಬರ್‌ನಲ್ಲಿ ಹೋಗಿ.

ಡೊಂಬಿವಲಿ ಹುಡುಗ: ಅಮ್ಮನಿಗೆ ಓದಿ ಹೇಳಿದೆ. ಅಕ್ಟೋಬರ್ ಆದರೂ ಸರಿ ಅಂದರು. ನಾಳೆ ಡಾಕ್ಟರ್ ಹತ್ತಿರ ಹೋಗುತ್ತೇವೆ ಅಕ್ಕಾ.